ಪೂಜೆಗಿಟ್ಟ ಏರ್‌ಗನ್ನು

ನಾನು ಕೈ ಹಾಕಿದ ಮಿಕ್ಸಿ ಈಗಲೂ ಒಂದೇ ಸ್ಪೀಡಿನಲ್ಲಿ ತಿರುಗುತ್ತದೆ. ನಾನು ಬಿಚ್ಚಿ ಜೋಡಿಸಿದ ಗೋಡೆ ಗಡಿಯಾರದಲ್ಲಿ ಎರಡು ಸ್ಕ್ರೂ ಉಳಿದುಬಿಟ್ಟವು, ಗಡಿಯಾರವೇನೋ ನಡೆಯಿತು. ಹೀಗಾಗಿ ಮನೆಯಲ್ಲಿ ಏನು ಕೆಟ್ಟರೂ ನನ್ನ ಹೆಂಡತಿ ಕಾತ್ಯಾಯಿನಿ ಮೊದಲು ಮಾಡುವ ಕೆಲಸವೆಂದರೆ ಅದನ್ನು ನನ್ನ ಕಣ್ಣಿಗೆ ಬೀಳದಂತೆ ಬಚ್ಚಿಡುವುದು. ಇಂಥ ನಾನು ಬಂದೂಕ ಮಾಡಲು ಕೂತಾಗ ಅವಳು ನಕ್ಕಿದ್ದು ತಪ್ಪೇನಲ್ಲ.

ಬಂದೂಕ ಎಂದರೆ ಮದ್ದುಗುಂಡಿನದಲ್ಲ, ಗಾಳಿಯದು. ಆದರೆ ಜಾತ್ರೆಯಲ್ಲಿ ಬಲೂನು ಹೊಡೆಯುವ ಮಾದರಿಯದೂ ಅಲ್ಲ. ಆ ಬಂದೂಕಗಳಲ್ಲಿ ಪ್ರತಿ ಗುಂಡಿಗೂ ನಳಿಗೆಯನ್ನು ಮಡಚಿ, ಬಲವಾಗಿ ಎಳೆದು ಕೂರಿಸಬೇಕು. ನನಗೆ ಬೇಕಾಗಿದ್ದುದು ಹಾಗೆ ಎಳೆಯುವ ಗೊಡವೆಯೇ ಇಲ್ಲದ್ದು. ಕಾಲಿನಿಂದ ಒತ್ತುವ ಪಂಪಿನಲ್ಲಿ ಒಮ್ಮೆ ಗಾಳಿ ತುಂಬಿಸಿಬಿಟ್ಟರೆ ಆಯಿತು, ಟ್ರಿಗರ್ ಒತ್ತಿದ ಹಾಗೆಲ್ಲ ಗುಂಡು ಹೋಗಬೇಕು, ಮುಂದಿನದು ತಾನಾಗಿ ಬಂದು ಕೂರಬೇಕು. ಅಂಥದ್ದನ್ನು ಕೊಳ್ಳುವ ಯೋಗ್ಯತೆ ನನಗಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ನಾನು. ನಕ್ಷೆ ಬರೆಯಲು ಬರುತ್ತಿತ್ತು, ಜೆ.ಪಿ. ನಗರದ ನಮ್ಮ ಮನೆಯ ಮೆಟ್ಟಿಲ ಕೆಳಗೆ ಒಂದು ಗೂಡಿನಂಥ ಕೋಣೆ ಇತ್ತು, ಸಿದ್ದಾಪುರದ ಗುಜರಿ ಅಂಗಡಿಯವರ ಪರಿಚಯವಿತ್ತು. ಸಾಕಲ್ಲ, ಶುರು ಮಾಡಿಕೊಂಡೆ.

ಯಾಕೆ ಶುರು ಮಾಡಿಕೊಂಡೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ಕಾತ್ಯಾಯಿನಿ ಕಾಲೇಜಿನಲ್ಲಿ ಎನ್‌ಸಿಸಿ ಹುಡುಗಿ. ರೈಫಲ್ ಹಿಡಿದರೆ ಗಂಡುಹುಡುಗರು ಜಾಗ ಬಿಟ್ಟು ಹಿಂದೆ ನಿಲ್ಲುತ್ತಿದ್ದರಂತೆ. ಮದುವೆಯಾದ ಮೇಲೂ ಭಾನುವಾರ ಬೆಳಿಗ್ಗೆ ಕ್ಲಬ್ಬಿಗೆ ಹೋಗಿ ಏರ್ ರೈಫಲ್ ಹೊಡೆದು ಬರುತ್ತಿದ್ದಳು. ವಾರವಿಡೀ ಮಿಡ್ಲ್ ಸ್ಕೂಲ್ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಹುಬ್ಬು ಗಂಟಿಕ್ಕಿಕೊಂಡಿರುತ್ತಿದ್ದವಳು ಭಾನುವಾರ ಮಧ್ಯಾಹ್ನ ಹಾಡಿಕೊಂಡು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ತೊಂಬತ್ತರಲ್ಲಿ ತಾರಸಿ ಮೆಟ್ಟಿಲ ಮೇಲೆ ಜಾರಿ ಬಿದ್ದು ಎಡ ಮೊಣಕೈ ಪುಡಿಯಾಯಿತು. ಒಳಗೆ ರಾಡು ಕೂರಿಸಿದರು. ಆಮೇಲೆ ಆ ಕೈಗೆ ಭಾರ ತಡೆಯಲು ಬರುತ್ತಿತ್ತು, ಎಳೆಯಲು ಬರುತ್ತಿರಲಿಲ್ಲ. ನಳಿಗೆ ಮಡಚಿ ಎಳೆಯುವುದಂತೂ ಸಾಧ್ಯವೇ ಇಲ್ಲ.

ಕ್ಲಬ್ಬಿನಲ್ಲಿ ಒಳ್ಳೆಯ ಜನ. ಯಾರನ್ನು ಕೇಳಿದರೂ ಎಳೆದು ಕೊಡುತ್ತಿದ್ದರು. ಒಂದು ಭಾನುವಾರ ಹಾಗೂ ಮಾಡಿ ನೋಡಿದಳು. ಮನೆಗೆ ಬಂದವಳೇ ರೈಫಲ್ಲನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಬಿಟ್ಟಳು.

"ಒಂದೊಂದು ಗುಂಡಿಗೂ 'ಸ್ವಲ್ಪ ಎಳ್ಕೊಡ್ತೀರಾ' ಅಂತ ಪಕ್ಕದವ್ರ ಮುಖ ನೋಡೋಕಾಗಲ್ಲ ರೀ ನನ್ ಕೈಲಿ" ಅಂದಳು. ಆ ವಿಷಯ ಅಲ್ಲಿಗೆ ಮುಗಿಯಿತು. ಭಾನುವಾರದ ಹಾಡೂ ಅಲ್ಲಿಗೆ ನಿಂತಿತು. ನನಗೆ ಸಂಕಟವಾಗಿದ್ದು ಅದಕ್ಕೇ.

ಕೆಲಸ ಎರಡು ವರ್ಷ ಹಿಡಿಯಿತು. ನಳಿಗೆ ಅಟ್ಟದ ಮೇಲಿದ್ದ ಅವಳದೇ ರೈಫಲ್ಲಿನದು. ಉಳಿದದ್ದೆಲ್ಲ ಸ್ಟವ್ವಿನ, ಸ್ಕೂಟರಿನ, ಹೊಲಿಗೆ ಯಂತ್ರದ ಚೂರುಪಾರು. ಬಟ್ಟು ಅಂತಾರಲ್ಲ, ಭುಜಕ್ಕೆ ಒರಗಿಸುವ ಮರದ ಹಿಡಿ, ಅದಕ್ಕೆ ಅಮ್ಮನ ಹಳೆಯ ತೇಗದ ಮಂಚ ಆಹುತಿಯಾಯಿತು. ನನ್ನ ತಾಯಿ ಅನ್ನಪೂರ್ಣಮ್ಮ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಮೊದಲು ಮಾಡಿದ್ದು ಸೀನಿದ ಹಾಗೆ ಸದ್ದು ಮಾಡಿ ಗುಂಡನ್ನು ಕಾಲ ಬುಡದಲ್ಲೇ ಉದುರಿಸುತ್ತಿತ್ತು. ಇನ್ನೊಂದು ಸಲ ಒಮ್ಮೆ ಒತ್ತಿದರೆ ಇದ್ದಬದ್ದ ಗುಂಡೆಲ್ಲ ಒಟ್ಟಿಗೇ ಹಾರಿ ಹಿತ್ತಲಿನ ಪಪ್ಪಾಯಿ ಹಣ್ಣಾಗುವ ಮೊದಲೇ ಜರಡಿಯಾಯಿತು. ಕಾತ್ಯಾಯಿನಿ ಕಿಟಕಿಯಿಂದ ನೋಡಿ, "ರೀ, ಪಲ್ಯಕ್ಕೆ ಹೆಚ್ಚೋ ಕೆಲಸ ಉಳೀತು ಬಿಡಿ" ಅಂದಳು. ಕೋಣೆಯೊಳಗೆ ಒಂದು ದಿನವೂ ಬರಲಿಲ್ಲ. ಆಸೆ ಇಟ್ಟುಕೊಂಡು ಆಮೇಲೆ ನಿರಾಸೆಪಡುವುದು ಅವಳಿಗೆ ಬೇಡವಾಗಿತ್ತು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸಿಟ್ಟು ಬರುತ್ತಿತ್ತು.

ತೊಂಬತ್ತೇಳರ ನವರಾತ್ರಿಯಲ್ಲಿ ಅದು ಸರಿಯಾಯಿತು. ಹಿತ್ತಲ ಗೋಡೆಗೆ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಒರಗಿಸಿ ಹೊಡೆದೆ. ಒಂದು ಗುಂಡು ಹಲಗೆಯ ಅರ್ಧದವರೆಗೆ ಇಳಿದು ನಿಂತಿತು. ಎರಡನೆಯದು, ಮೂರನೆಯದು ತಾವಾಗಿ ಬಂದು ಕೂತು ಹೋದವು. ನನ್ನ ಗುರಿ ದೇವರಿಗೇ ಪ್ರೀತಿ, ಒಂದು ಈಶಾನ್ಯಕ್ಕಾದರೆ ಇನ್ನೊಂದು ನೈಋತ್ಯಕ್ಕೆ. ಆದರೆ ಯಂತ್ರ ಚೊಕ್ಕವಾಗಿತ್ತು. ಒಳಗೆ ಓಡಿ ಹೋಗಿ ಕಾತ್ಯಾಯಿನಿಯ ಕೈಗೆ ಕೊಟ್ಟೆ. ಅವಳು ನಗಲಿಲ್ಲ. ಬಟ್ಟನ್ನು ಭುಜಕ್ಕೆ ಒರಗಿಸಿ, ಎಡಗೈಯನ್ನು ಅಡಿಯಲ್ಲಿ ಕೊಟ್ಟು ಸುಮ್ಮನೆ ನಿಂತಳು. ಕೈ ಭಾರ ತಡೆಯಿತು. ಅವಳ ಕಣ್ಣು ತುಂಬಿ ಬಂತು.

"ಇರು ಕಣೆ, ಹೊಸ ಸಾಮಾನು" ಎಂದರು ಅಮ್ಮ. "ನಾಳಿದ್ದು ಆಯುಧಪೂಜೆ. ಪೂಜೆ ಆಗ್ಲಿ, ಆಮೇಲೆ ನೀನು ಕೈ ಮಾಡು. ಏಳು ವರ್ಷ ಕಾದಿದ್ದೀಯ, ಎರಡು ದಿನಕ್ಕೇನು?"

ಅವಳು ಕೆಳಗಿಟ್ಟಳು. ಹೀಗೆ ಅವಳು ಒಂದು ಗುಂಡೂ ಹೊಡೆಯದೆ ಅದು ಪೂಜೆಗೆ ಕೂತಿತು.

ಈಗ ಯಾರಾದರೂ ಕೇಳಬಹುದು, ಮನೆಯಲ್ಲೇ ಮಾಡಿದ ಬಂದೂಕವನ್ನು ಬೀದಿಗೆ ಕಾಣುವ ಹಾಗೆ ವರಾಂಡದಲ್ಲಿ ಇಡುವ ಬುದ್ಧಿವಂತ ಯಾರು ಎಂದು. ನಾನೇ. ಆಯುಧಪೂಜೆಯ ದಿನ ಕೆಲಸದ ಒಂದು ಸಾಮಾನನ್ನೂ ಪೂಜೆಯಿಲ್ಲದೆ ಬಿಡುವಂತಿಲ್ಲ. ಈಳಿಗೆಮಣೆ, ಇಸ್ತ್ರಿಪೆಟ್ಟಿಗೆ, ಡ್ರಿಲ್ಲು, ನನ್ನ ನಕ್ಷೆಯ ಕಂಪಾಸು, ಕಾತ್ಯಾಯಿನಿಯ ಕೆಂಪು ಇಂಕಿನ ಪೆನ್ನು, ಸ್ಕೂಟರು, ಎಲ್ಲಕ್ಕೂ ಅರಿಸಿನ ಕುಂಕುಮ ಹಚ್ಚಿ, ಎರಡು ವರ್ಷ ಜೀವ ತೇಯ್ದು ಮಾಡಿದ ಒಂದನ್ನು ಮಾತ್ರ ಮೆಟ್ಟಿಲ ಕೆಳಗೆ ಕತ್ತಲಲ್ಲಿ ಬಿಡುವುದೇ? ನನ್ನ ಮನಸ್ಸು ಒಪ್ಪಲಿಲ್ಲ. ಅಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಬರಿದಾಗಿ ಇಡಬೇಡ ಕಣೋ, ಅಪಶಕುನ" ಎಂದು ಗಾಳಿ ತುಂಬಿಸಿಯೇ ಇಡಿಸಿದರು. ಗುಂಡುಗಳನ್ನು ಹಿತ್ತಾಳೆ ಬಟ್ಟಲಲ್ಲಿ ಹಾಕಿ ಅವಕ್ಕೂ ಅಕ್ಷತೆ ಹಾಕಿದರು. ಚೆಂಡುಹೂವಿನ ಹಾರ ನಳಿಗೆಗೆ ಬಹಳ ಚೆನ್ನಾಗಿ ಒಪ್ಪಿತ್ತು.

ಸಂಜೆ ಬೀಟ್ ಕಾನ್‌ಸ್ಟೇಬಲ್ ಮರುಳಸಿದ್ದಪ್ಪ ಬಂದರು. ಪ್ರತಿ ವರ್ಷ ಬರುತ್ತಿದ್ದರು. ಬೀದಿಯ ಎಲ್ಲ ಮನೆಯಲ್ಲೂ ಕಡ್ಲೆಪುರಿ, ಸಿಹಿ ತಿಂದು, ಮಕ್ಕಳನ್ನು ಮಾತಾಡಿಸಿ ಹೋಗುವ ಸಾಧು ಮನುಷ್ಯ. ಚಪ್ಪಲಿ ಬಿಟ್ಟು, ಟೋಪಿ ತೆಗೆದು, ಪೂಜೆಯ ಮುಂದೆ ಕಣ್ಣು ಮುಚ್ಚಿ ಕೈ ಮುಗಿದರು. ಅಕ್ಷತೆಯನ್ನೂ ಹಾಕಿದರು. ಕಣ್ಣು ಬಿಟ್ಟ ಮೇಲೆ, ಕಡ್ಲೆಪುರಿ ಬಾಯಿಗೆ ಹಾಕಿಕೊಳ್ಳುತ್ತಿದ್ದ ಕೈ ಅಲ್ಲೇ ನಿಂತಿತು.

"ಸಾರ್, ಏನ್ ಸಾರ್ ಇದು?"

"ಏರ್‌ಗನ್ನು. ನಾನೇ ಮಾಡಿದ್ದು" ಅಂದೆ. ಹೆಮ್ಮೆ ನೋಡಿ, ಬಾಯಿ ಮುಚ್ಚಿಕೊಂಡಿರಲು ಬಿಡಲಿಲ್ಲ.

"ಮನೇಲೇ ಮಾಡಿದ್ರಾ?" ಮರುಳಸಿದ್ದಪ್ಪ ಬೆವರು ಒರೆಸಿಕೊಂಡರು. "ಅಯ್ಯೋ ಸಾರ್, ನಾನ್ ನೋಡ್ಬಾರ್ದಾಗಿತ್ತು. ನೋಡಿದ್ಮೇಲೆ ಸುಮ್ನಿರೋಕಾಗಲ್ಲ. ಇನ್‌ಸ್ಪೆಕ್ಟ್ರಿಗೆ ಹೇಳ್ಲೇಬೇಕು. ಸ್ಟೇಷನ್ನಿಗೆ ತಗೊಂಡು ಬರ್ಬೇಕಾಗುತ್ತೆ."

"ಈಗಲೇನಾ?"

ಅವರಿಗೆ ನನ್ನ ಪ್ರಶ್ನೆಯಿಂದ ಗಾಬರಿಯಾಯಿತು. "ಛೆ ಛೆ, ಪೂಜೆಗೆ ಕೂರ್ಸಿರೋದನ್ನ ಕದಲ್ಸೋಕಾಗುತ್ತಾ? ನಾಳೆ ಮಂಗಳಾರತಿ ಆದ್ಮೇಲೆ ಬರ್ತೀನಿ ಸಾರ್."

ಸ್ಟೇಷನ್ನಿನಲ್ಲಿ ಏನು ಮಾಡುತ್ತಾರೆ ಎಂದು ಅವರೇ ಹೇಳಿದರು. ಇನ್‌ಸ್ಪೆಕ್ಟರ್ ಏರ್‌ಗನ್ನುಗಳನ್ನು ಹಲಗೆಗೆ ಹೊಡೆಸಿ ನೋಡುತ್ತಾರೆ. ಗುಂಡು ಹಲಗೆಯಲ್ಲೇ ಉಳಿದರೆ ಆಟದ ಸಾಮಾನು, ಬೈದು ಕೊಟ್ಟು ಕಳಿಸುತ್ತಾರೆ. ಹಲಗೆ ತೂತಾಗಿ ಆಚೆ ಬಂದರೆ ಅದು ಆಯುಧ. ಅಲ್ಲಿಗೆ ಅದರ ಆಸೆ ಬಿಡಬೇಕು, ಜೊತೆಗೆ ನನ್ನ ನೌಕರಿಯ ಆಸೆಯೂ ಸ್ವಲ್ಪ ಅಲ್ಲಾಡಬಹುದು.

ಅವರು ಹೋದ ಮೇಲೆ ಲೆಕ್ಕ ಹಾಕಿದೆ. ನಾನು ಹೊಡೆದಾಗ ಅರ್ಧ ಹಲಗೆ ಇಳಿದಿತ್ತು. ಸ್ಟೇಷನ್ನಿನ ಹಲಗೆ ಎಷ್ಟು ದಪ್ಪವೋ ಯಾರಿಗೆ ಗೊತ್ತು? ಒಂದು ನಿಮಿಷ ಸಿಕ್ಕಿದರೆ ಅರ್ಧ ಗಾಳಿ ಬಿಟ್ಟು ಗುಂಡಿನ ಜೋರು ಇಳಿಸಬಹುದಿತ್ತು. ಕೈ ಚಾಚಿದೆ. ಅಮ್ಮ ದೀಪದ ಪಕ್ಕದಲ್ಲೇ ಕೂತಿದ್ದರು.

"ಮುಟ್ಟಿದ್ಯೋ, ನೋಡು."

"ಅಮ್ಮಾ, ನಾಳೆ ನಿನ್ನ ಮಗ ಲಾಕಪ್ಪಿನಲ್ಲಿ ಇರ್ತಾನೆ."

"ಇದ್ರೆ ಇರ್ಲಿ, ಊಟ ಕಳಿಸ್ತೀನಿ. ಪೂಜೆಗೆ ಕೂತ ಆಯುಧಕ್ಕೆ ಕೈ ಹಾಕ್ಬೇಡ."

ಬೆಳಿಗ್ಗೆ ಮಂಗಳಾರತಿ ಎತ್ತುವ ಹೊತ್ತಿಗೆ ಸರಿಯಾಗಿ ಮರುಳಸಿದ್ದಪ್ಪ ಗೇಟಿನ ಹತ್ತಿರ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದರು. ತೀರ್ಥ ತಗೊಂಡು, ಹಾರ ಸಮೇತ ಬಂದೂಕವನ್ನೂ ಗುಂಡುಗಳನ್ನೂ ಬೆಡ್‌ಶೀಟಿನಲ್ಲಿ ಸುತ್ತಿಸಿದರು. ಒಂದು ನಿಮಿಷ ನನಗೆ ಕೊನೆಗೂ ಸಿಗಲಿಲ್ಲ. ಕಾತ್ಯಾಯಿನಿ ತಾನೂ ಬರುತ್ತೇನೆ ಎಂದು ಆಟೋ ಹತ್ತಿದಳು.

ಸ್ಟೇಷನ್ನಿನಲ್ಲೂ ಹಬ್ಬದ ಕಳೆ. ಜೀಪಿಗೆ ಬಾಳೆಕಂದು ಕಟ್ಟಿದ್ದರು, ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದ ಕೆಂಪು ಇನ್ನೂ ಹಸಿಯಾಗಿತ್ತು. ಗೋಡೆಗೆ ಒರಗಿಸಿದ್ದ ಅವರ ಬಂದೂಕಗಳಿಗೂ ನಮ್ಮದರ ಹಾಗೇ ಕುಂಕುಮ, ಚೆಂಡುಹೂವು. ಇನ್‌ಸ್ಪೆಕ್ಟರ್ ಬೆಡ್‌ಶೀಟು ಬಿಚ್ಚಿಸಿ, ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಮಂಚದ ಕಾಲಿನ ಹಾಗಿದೆಯಲ್ರೀ?"

"ಮಂಚದ್ದೇ ಸಾರ್" ಅಂದೆ.

ಅವರಿಗೆ ನಗು ಬಂತು. ನನಗೆ ಹೋದ ಜೀವ ಬಂದಂತಾಯಿತು. ಹಿಂದಿನ ಅಂಗಳದಲ್ಲಿ, ಹಿಡಿದು ತಂದು ನಿಲ್ಲಿಸಿದ್ದ ಸ್ಕೂಟರುಗಳ ಆಚೆಗೆ, ಕಾಂಪೌಂಡ್ ಗೋಡೆಯ ಮುಂದೆ ಎರಡು ಇಟ್ಟಿಗೆ ಗುಡ್ಡೆಗಳ ನಡುವೆ ಒಂದು ಹಲಗೆ ನಿಲ್ಲಿಸಿದರು. ಹಲಗೆ ನಮ್ಮ ಮನೆಯದಕ್ಕಿಂತ ಸ್ವಲ್ಪ ದಪ್ಪವೇ ಇತ್ತು. ಒಂದು ಗುಂಡು ದಾಟುವ ಮಾತೇ ಇಲ್ಲ ಎಂದು ನೋಡಿದ ತಕ್ಷಣ ಗೊತ್ತಾಯಿತು.

"ಐದು ಹೊಡೀಲಿ. ಒಂದೂ ದಾಟದೆ ಇದ್ರೆ ತಗೊಂಡು ಹೋಗಿ. ಇನ್ಮೇಲೆ ಮಂಚ ಮಾತ್ರ ಮಾಡಿ" ಎಂದರು ಇನ್‌ಸ್ಪೆಕ್ಟರ್. "ಮರುಳಸಿದ್ದಪ್ಪ, ತಗೊಳ್ರಿ."

ಮರುಳಸಿದ್ದಪ್ಪ ಎರಡು ಹೆಜ್ಜೆ ಹಿಂದೆ ಸರಿದರು. "ಸಾರ್, ಹೊಸ ಆಯುಧ, ಪೂಜೆ ಆಗಿರೋದು. ಮೊದ್ಲು ಯಾರ್ದೋ ಅವ್ರೇ ಕೈ ಮಾಡ್ಬೇಕು."

"ಯಾರ್ದು?"

"ನನ್ನ ಹೆಂಡ್ತಿದು ಸಾರ್" ಅಂದೆ.

ಇನ್‌ಸ್ಪೆಕ್ಟರ್ ಸೀರೆ ಉಟ್ಟು, ಹೂ ಮುಡಿದು ನಿಂತಿದ್ದ ಲೆಕ್ಕದ ಟೀಚರನ್ನು ಮೇಲಿಂದ ಕೆಳಗೆ ನೋಡಿದರು. "ಹೊಡೀತೀರಾ ಮೇಡಂ?"

ಅವಳು ತಲೆಯಾಡಿಸಿದಳು. ಗುಂಡು ತುಂಬುವ ನೆಪದಲ್ಲಿ ನಾನು ಪಕ್ಕಕ್ಕೆ ಹೋಗಿ ಪಿಸುಗುಟ್ಟಿದೆ. "ಕಾತ್ಯಾ, ಚೆಲ್ಲಾಪಿಲ್ಲಿ ಹೊಡಿ. ಒಂದು ಗುಂಡಿಗೆ ಈ ಹಲಗೆ ಜಗ್ಗಲ್ಲ. ಹೊಡೆದಲ್ಲೇ ಮತ್ತೆ ಹೊಡೆದ್ರೆ ದಾಟಿಬಿಡುತ್ತೆ. ಒಂದು ಆ ಮೂಲೆಗೆ, ಒಂದು ಈ ಮೂಲೆಗೆ. ನಾನು ಹೊಡೆಯೋ ಹಾಗೆ ಹೊಡಿ, ಅಷ್ಟೇ. ಗನ್ನು ನಮ್ಮನೇಲಿ ಉಳಿಯುತ್ತೆ."

"ಹೂಂ" ಅಂದಳು.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗುರಿಗೆ ಅಡ್ಡ ಬಾರದಂತೆ ಹಾರವನ್ನು ಹಿಂದಕ್ಕೆ ಸರಿಸಿ, ಕಾಲು ಅಗಲಿಸಿ, ಹಲಗೆಯ ಕಡೆಗೆ ಎಡಭುಜ ಮಾಡಿ ನಿಂತಳು. ರಾಡು ಕೂತ ಎಡ ಮೊಣಕೈಯನ್ನು ಪಕ್ಕೆಗೆ ಒತ್ತಿ, ಅಂಗೈ ಮೇಲೆ ಭಾರ ಹೊರಿಸಿದಳು. ಕೆನ್ನೆಯನ್ನು ಅಮ್ಮನ ಮಂಚದ ಮೇಲೆ ಇಟ್ಟಳು. ಸೀಜ್ ಮಾಡಿದ ಸ್ಕೂಟರಿನ ಮೇಲೆ ಕೂತಿದ್ದ ಕಾನ್‌ಸ್ಟೇಬಲ್ಲೊಬ್ಬ ಏನೋ ಹೇಳಿ ನಗುತ್ತಿದ್ದವನು, ಅವಳು ನಿಂತ ರೀತಿ ನೋಡಿ ಎದ್ದು ನಿಂತ. ಉಸಿರು ಅರ್ಧ ಬಿಟ್ಟಳು. ನಾನು ಅವಳನ್ನು ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು, ಗುಂಡು ಹೊಡೆಯುವುದನ್ನು ಒಮ್ಮೆಯೂ ನೋಡಿರಲಿಲ್ಲ. ಭಾನುವಾರ ನನಗೆ ನಿದ್ದೆ ಮುಖ್ಯವಾಗಿತ್ತು.

ಮೊದಲ ಗುಂಡು ಹಲಗೆಯ ನಟ್ಟನಡುವೆ ಬಿತ್ತು. ಹೋಗಲಿ, ಮೊದಲನೆಯದಲ್ಲವೇ, ಇನ್ನು ಮೂಲೆಗೆ ಹೊಡೆಯುತ್ತಾಳೆ ಅಂದುಕೊಂಡೆ.

ಎರಡನೆಯದು ಹೋಯಿತು. ಹಲಗೆಯ ಮೇಲೆ ಹೊಸ ಗುರುತು ಕಾಣಲಿಲ್ಲ.

ನನಗೆ ಅರ್ಥವಾಯಿತು. ಕೂಗಬೇಕೆಂದು ಬಾಯಿ ತೆರೆದೆ. ಒಂದು ಕೆಮ್ಮು ಕೆಮ್ಮಿದ್ದರೂ ಸಾಕಿತ್ತು, ಅವಳ ಕೈ ಅಲುಗುತ್ತಿತ್ತು. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡೆ.

ಮೂರು. ನಾಲ್ಕು. ಅವಳು ಕಣ್ಣು ಎತ್ತಲಿಲ್ಲ, ಕಾಲು ಕದಲಿಸಲಿಲ್ಲ, ಪಕ್ಕದವರ ಮುಖ ನೋಡಲಿಲ್ಲ. ಗುಂಡು ತಾನಾಗಿ ಬಂದು ಕೂರುವ ಸಣ್ಣ ಟಕ್ ಸದ್ದೊಂದು ಕೇಳುತ್ತಿತ್ತು. ಅದು ನಾನು ಎರಡು ವರ್ಷ ಕೂತು ಮಾಡಿದ ಸದ್ದು. ಐದನೆಯದು ಹೋದಾಗ ಹಲಗೆಯ ಹಿಂದಿನ ಗೋಡೆಯಿಂದ ಸುಣ್ಣ ಉದುರಿತು.

ಇನ್‌ಸ್ಪೆಕ್ಟರ್ ಹೋಗಿ ಹಲಗೆ ಎತ್ತಿಕೊಂಡು ಬಂದರು. ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಹಲಗೆಯಲ್ಲಿ ಇದ್ದದ್ದು ಒಂದೇ ತೂತು. ಅದರಿಂದ ಬಂದ ಬಿಸಿಲಿನ ಚುಕ್ಕೆ ಅವರ ಕೆನ್ನೆಯ ಮೇಲೆ ಬಿತ್ತು.

"ಮೇಡಂ, ಎಲ್ಲಿ ಕಲಿತ್ರಿ?" ಎಂದು ಕೇಳಿದರು. ಅವರ ದನಿ ಬೇರೆಯಾಗಿತ್ತು.

"ಕಾಲೇಜಲ್ಲಿ ಸಾರ್."

ನಾನು ಅಡ್ಡ ಬಾಯಿ ಹಾಕಿದೆ. "ಸಾರ್, ಇದು ಒಂದು ಗುಂಡಲ್ಲ, ಐದು ಗುಂಡು ಸೇರಿ ಆಗಿರೋ ತೂತು. ಬೇರೆ ಯಾರ ಕೈಯಲ್ಲಿ ಹೊಡೆಸಿದ್ರೂ ದಾಟ್ತಿರಲಿಲ್ಲ. ಬೇಕಾದ್ರೆ ನಾನು ಹೊಡೆದು ತೋರಿಸ್ತೀನಿ."

"ನೀವು ಹೊಡೀಬೇಡಿ" ಎಂದರು ಇನ್‌ಸ್ಪೆಕ್ಟರ್. "ದಾಟಿದ್ದು ದಾಟ್ತು. ಅದೂ ಅಲ್ದೆ, ಎಳೆಯೋದಿಲ್ಲ ಬಿಡೋದಿಲ್ಲ, ಐದು ಗುಂಡು ಸಾಲಾಗಿ ಹೋಯ್ತಲ್ರೀ. ಇದನ್ನ ಮನೆಗೆ ಕಳಿಸಿ ನಾನು ನಿದ್ದೆ ಮಾಡೋಕಾಗುತ್ತಾ? ಕೇಸ್ ಹಾಕಲ್ಲ, ಹಬ್ಬದ ದಿನ. ಗನ್ನು ಇಲ್ಲೇ ಇರುತ್ತೆ."

ಕಾತ್ಯಾಯಿನಿ ನಳಿಗೆಯ ಮೇಲಿನ ಹಾರವನ್ನು ಬಿಡಿಸಿಕೊಂಡು, ಬಂದೂಕವನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಒಯ್ದು ಇನ್‌ಸ್ಪೆಕ್ಟರ ಮೇಜಿನ ಮೇಲೆ ಇಟ್ಟಳು. ಒಂದು ಕ್ಷಣ ಬಟ್ಟಿನ ಮೇಲೆ ಕೈ ಆಡಿಸಿದಳು. ಮರುಳಸಿದ್ದಪ್ಪ ಬೇರೆ ಕಡೆ ಮುಖ ತಿರುಗಿಸಿದರು. ಆಮೇಲೆ ಆ ಬಂದೂಕ ನಮಗೆ ವಾಪಸ್ ಬರಲಿಲ್ಲ.

ಹೊರಗೆ ಬಂದ ಮೇಲೆ ನನ್ನ ಸಿಟ್ಟು ನೆತ್ತಿಗೇರಿತು. ರಸ್ತೆ ತುಂಬ ಹೂ ಕಟ್ಟಿದ ಲಾರಿಗಳು, ಆಟೋಗಳು. ಎಲ್ಲರ ಆಯುಧವೂ ಅವರವರ ಬಳಿ ಇತ್ತು.

"ಏನಂತ ಹೇಳಿದ್ದೆ ನಿಂಗೆ? ಎರಡು ವರ್ಷ ಕಣೆ! ಅಮ್ಮನ ಮಂಚ ಹೋಯ್ತು, ನಿನ್ನ ಹಳೇ ರೈಫಲ್ಲೂ ಹೋಯ್ತು. ಇನ್ನು ಯಾವುದರಲ್ಲಿ ಹೊಡೀತೀಯ? ಮೂಲೆಗೆ ಹೊಡಿಯೋಕೆ ಏನಾಗಿತ್ತು?"

ಅವಳು ನಡೆಯುತ್ತಲೇ ಇದ್ದಳು. "ಮೂಲೆಗೇ ಅಂತ ಹಿಡಿದೆ ರೀ. ದೇವ್ರಾಣೆ. ಭುಜಕ್ಕೆ ಇಟ್ಟ ತಕ್ಷಣ ಗೊತ್ತಾಯ್ತು, ಕೈ ಏನೂ ಮರೆತಿಲ್ಲ ಅಂತ. ಆಮೇಲೆ ಬೇಕಂತ ತಪ್ಪು ಹೊಡಿಯೋಕಾಗ್ಲಿಲ್ಲ. ಏಳು ವರ್ಷ ಆದ್ಮೇಲೆ ಸಿಕ್ಕಿರೋದು ಐದೇ ಗುಂಡು. ಅದನ್ನೂ ಕೆಟ್ಟದಾಗಿ ಹೊಡೆದು, ಆ ಗನ್ನನ್ನ ಮನೆಗೆ ತಂದಿಟ್ಕೊಂಡು ಏನ್ ಮಾಡ್ಲಿ? ದಿನಾ ಅದರ ಮುಖ ನೋಡ್ಬೇಕಲ್ಲ."

ಅವಳು ಎಡಗೈಯನ್ನು ಬಲಗೈಯಿಂದ ನೀವಿಕೊಳ್ಳುತ್ತಿದ್ದಳು, ನೋಯುತ್ತಿತ್ತೋ ಏನೋ.

"ನಿಮಗೆ ಯಾವ ಗುಂಡಿಗೆ ಗೊತ್ತಾಯ್ತು?" ಎಂದು ಕೇಳಿದಳು.

"ಎರಡನೇದಕ್ಕೆ."

ಅವಳು ನಿಂತುಬಿಟ್ಟಳು. "ಎರಡನೇದಕ್ಕೇ ಗೊತ್ತಾಗಿತ್ತಾ? ಮತ್ತೆ ಯಾಕ್ರೀ ನಿಲ್ಸು ಅನ್ಲಿಲ್ಲ?"

ಯಾರೂ ನೋಡದಿರಲಿ ಎಂದು ನಾನು ಕಣ್ಣು ಒರೆಸಿಕೊಂಡೆ.

"ನೋಡ್ಬೇಕು ಅನ್ನಿಸ್ತು ಕಣೆ" ಅಂದೆ.